ಪುಣೆಯ ಸುತ್ತ, ಭೀಮೆಯ ಎಳೆ ಹಿಡಿದು

ಪುಣೆಗೆ ವರ್ಗವಾಗಿ ಬಂದವರಿಗೆ ಮೊದಲ ವಾರದಲ್ಲೇ ಯಾರಾದರೊಬ್ಬರು ನೋಡಬೇಕಾದ ಜಾಗಗಳ ಪಟ್ಟಿ ಕೊಡುತ್ತಾರೆ. ನನಗೆ ಕೊಟ್ಟವರು ಬ್ಯಾಂಕಿನ ಸಹೋದ್ಯೋಗಿಗಳು. ಶನಿವಾರವಾಡಾ, ಆಗಾಖಾನ್ ಅರಮನೆ, ಕೇಳ್ಕರ್ ಮ್ಯೂಸಿಯಂ, ಸಿಂಹಗಡ, ಲೋಣಾವಳ, ಖಂಡಾಳ, ಮಹಾಬಳೇಶ್ವರ. ಒಳ್ಳೆಯ ಪಟ್ಟಿಯೇ. ಊರೊಳಗಿನವನ್ನು ನಾವೂ ಒಂದೊಂದಾಗಿ ನೋಡಿದೆವು. ಕೇಳ್ಕರ್ ಮ್ಯೂಸಿಯಂನಲ್ಲಿ ಅಡಕತ್ತರಿ, ದೀಪ, ಅಡುಗೆಮನೆಯ ಪಾತ್ರೆಗಳನ್ನು ಜೋಡಿಸಿಟ್ಟಿರುವ ಬಗೆಗೆ ನಮ್ಮ ಅವ್ವ ಮನಸೋತಳು. ಆದರೆ ಪಟ್ಟಿ ಹಿಡಿದು ತಿರುಗಿದಷ್ಟೂ ಒಂದು ಜಾಗಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣುತ್ತಿರಲಿಲ್ಲ. ನೋಡಿದ್ದು ನೋಡಿದಲ್ಲೇ ಉಳಿಯುತ್ತಿತ್ತು.

ನನ್ನ ಊರು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕು, ಭೀಮಾ ನದಿಯ ದಂಡೆ. ಇಲ್ಲಿಯವರಿಗೆ ಅಫಜಲಪುರ ಎಂದರೆ ಗೊತ್ತಾಗುವುದಿಲ್ಲ, "ಗಾಣಗಾಪುರದ ಹತ್ತಿರ" ಎಂದರೆ ಸಾಕು. ಪುಣೆಯ ಎಷ್ಟೋ ಮನೆಗಳಲ್ಲಿ ದತ್ತನ ಫೋಟೋ ಇದೆ, ಭೀಮಾ ಮತ್ತು ಅಮರಜಾ ಸಂಗಮದಲ್ಲಿ ಮಿಂದು ಬಂದವರಿದ್ದಾರೆ. ನಮ್ಮ ಸೊಸೈಟಿಯ ಅಜ್ಜಿಯೊಬ್ಬರು ಊರ ಹೆಸರು ಕೇಳಿದ ಕೂಡಲೇ ಅವ್ವನ ಕೈ ಹಿಡಿದು ಕೂರಿಸಿಕೊಂಡರು. ಅವರು ನಮ್ಮ ಊರಿನ ಕಡೆ ನದಿ ಹುಡುಕಿಕೊಂಡು ಬಂದಿದ್ದರು. ಅದೇ ನದಿಯ ಮೇಲ್ದಂಡೆಯಲ್ಲಿ ನಾವು ಈಗ ಮನೆ ಮಾಡಿದ್ದೇವೆಂಬುದು ನನಗೆ ಸರಿಯಾಗಿ ಮನದಟ್ಟಾದದ್ದು ಖಡಕವಾಸಲಾದಲ್ಲಿ.

ಅದು ಆಗಸ್ಟ್. ಸಿಂಹಗಡಕ್ಕೆ ಹೋಗುವ ದಾರಿಯಲ್ಲೇ ಖಡಕವಾಸಲಾ ಅಣೆಕಟ್ಟು ಸಿಗುತ್ತದೆ. ಪಾನಶೇತ, ವರಸಗಾಂವ, ಟೇಮಘರ್, ಈ ಮೂರೂ ಅಣೆಗಳ ನೀರು ಹರಿದು ಬಂದು ಸೇರುವುದು ಇಲ್ಲಿಗೇ. ಮಳೆ ಜೋರಾದಾಗ ಇಲ್ಲಿಂದ ಮುಠಾ ನದಿಗೆ ನೀರು ಬಿಡುತ್ತಾರೆ. ಆ ದಿನವೂ ಬಿಟ್ಟಿದ್ದರು. ರಸ್ತೆಯ ಅಂಚಿನಲ್ಲಿ ಜನ ಸುಟ್ಟ ಗೋವಿನಜೋಳ ತಿನ್ನುತ್ತ, ಫೋಟೋ ತೆಗೆಯುತ್ತ ನಿಂತಿದ್ದರು. ಅವ್ವ ಮಾತ್ರ ಗೇಟಿನ ಕಡೆ ಕೈ ತೋರಿಸಿ, "ಈ ನೀರ ಎಲ್ಲಿಗಿ ಹೋಗ್ತದ?" ಎಂದಳು. ಮುಠಾ ನದಿ ಊರ ನಡುವೆ ಮುಳಾ ನದಿಯನ್ನು ಕೂಡುತ್ತದೆ, ಮುಳಾಮುಠಾ ಮುಂದೆ ಹೋಗಿ ಭೀಮೆಗೆ ಸೇರುತ್ತದೆ, ಭೀಮೆ ಉಜನಿ ಅಣೆಗೆ, ಅಲ್ಲಿಂದ ಪಂಢರಪುರ, ಅಲ್ಲಿಂದ ನಮ್ಮ ಕಡೆ ಎಂದು ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಮ್ಮ ಹೊಲಕ್ಕ ನುಗ್ಗಿದ್ದು ಇದೇ ನೀರೇನ?" ಎಂದು ಕೇಳಿದಳು.

ಅವಳು ಹೇಳಿದ್ದು 2020ರ ಅಕ್ಟೋಬರ್ ಮಹಾಪೂರದ ಮಾತು. ಆ ವರ್ಷ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಭೀಮೆ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. ನಿಂತ ತೊಗರಿ, ಕಬ್ಬು ಮುಳುಗಿದ್ದವು. ಊರಲ್ಲಿದ್ದಾಗ ನಾವು "ಉಜನಿಯವರು ನೀರು ಬಿಟ್ಟಾರ" ಎಂದಷ್ಟೇ ಹೇಳುತ್ತಿದ್ದೆವು. ಉಜನಿಗೆ ಆ ನೀರು ಎಲ್ಲೆಲ್ಲಿಂದ ಬರುತ್ತದೆಂದು ಯಾರೂ ಯೋಚಿಸಿದವರಲ್ಲ. ಇಲ್ಲಿಯ ಬೆಟ್ಟಗಳ ಮೇಲೆ ಬಿದ್ದ ಮಳೆ ನಮ್ಮ ಅಂಗಳಕ್ಕೆ ಬರುವ ದಾರಿ ಕಣ್ಣೆದುರು ನಿಂತಾಗ ನನಗೆ ನನ್ನದೇ ಪಟ್ಟಿ ಸಿಕ್ಕಂತಾಯಿತು. ಇನ್ನು ಮುಂದೆ ರಜೆ ಸಿಕ್ಕಾಗ ನಮ್ಮ ಕಡೆಯ ಒಂದು ಎಳೆ ಇರುವ ಜಾಗಗಳಿಗೆ ಹೋಗುವುದು, ಒಂದು ದಿನಕ್ಕೆ ಒಂದೇ ಜಾಗ ನೋಡುವುದು ಎಂದು ಮನೆಯಲ್ಲಿ ನಿರ್ಧಾರವಾಯಿತು.

ಖಡಕವಾಸಲಾದಲ್ಲೇ ಇನ್ನೊಂದು ಎಳೆಯಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ತೂಬಿನ ಗೇಟುಗಳನ್ನು ಮೊದಲು ಅಳವಡಿಸಿದ್ದು ಈ ಜಲಾಶಯದಲ್ಲೇ, 1903ರಲ್ಲಿ. ಆಗ ಅದರ ಹೆಸರು ಲೇಕ್ ಫೈಫ್. ನೀರು ಒಂದು ಮಟ್ಟ ಮುಟ್ಟಿದರೆ ಗೇಟು ತಾನೇ ತೆರೆದುಕೊಳ್ಳಬೇಕು, ಇಳಿದರೆ ತಾನೇ ಮುಚ್ಚಿಕೊಳ್ಳಬೇಕು ಎಂಬ ಏರ್ಪಾಡು ಅದು. ಕನ್ನಂಬಾಡಿ ಕಟ್ಟೆಗೂ ಇಂಥ ಗೇಟು ಮುಂದೆ ಬಂದವು. ಅವರು ಎಂಜಿನಿಯರಿಂಗ್ ಓದಿದ್ದೂ ಪುಣೆಯಲ್ಲೇ. ಆ ಹಳೆಯ ಗೇಟುಗಳನ್ನು ಈಗ ನೋಡಲಾಗುವುದಿಲ್ಲ. 1961ರ ಜುಲೈ 12ರಂದು ಪಾನಶೇತ ಅಣೆ ಒಡೆದು, ಆ ಹೊಡೆತಕ್ಕೆ ಖಡಕವಾಸಲಾವೂ ಒಡೆಯಿತು. ಪುಣೆಯ ನದಿಪಾತ್ರದ ಪೇಟೆಗಳೆಲ್ಲ ನೀರಿನಡಿ ಹೋದವು. ಹಳೆಯ ಪುಣೇಕರರು ಇಂದಿಗೂ ಆ ದಿನದ ಮಾತು ಬಂದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆ ತೋರಿಸಿ ಹೇಳುತ್ತಾರೆ. ಅಣೆಯನ್ನು ಆಮೇಲೆ ಮತ್ತೆ ಕಟ್ಟಿದರು.

ಸಿಂಹಗಡದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪುಣೆಗೆ ಬಂದವರೆಲ್ಲ ಹೇಗೂ ಹೋಗುತ್ತಾರೆ. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಕೋಟೆ. ಛತ್ರಪತಿ ರಾಜಾರಾಮರ ಸಮಾಧಿ ಅಲ್ಲಿದೆ, ತಿಲಕರ ಬಂಗಲೆಯಿದೆ. ನಡೆಯಬಲ್ಲವರು ಸ್ವಾರಗೇಟಿನಿಂದ ಸಿಟಿ ಬಸ್ಸಿನಲ್ಲಿ ಬೆಟ್ಟದ ಬುಡಕ್ಕೆ ಹೋಗಿ, ಬೆಳಕು ಹರಿಯುವ ಹೊತ್ತಿಗೆ ಹತ್ತಲು ಶುರು ಮಾಡಬೇಕು. ಮೇಲೆ ಝುಣಕಾ ಭಾಕರಿ, ಕಾಂದಾ ಭಜಿ, ಕುಡಿಕೆ ಮೊಸರು ಮಾರುವ ಹೆಂಗಸರಿದ್ದಾರೆ. ಅವರ ಭಾಕರಿ ನಮ್ಮ ಜೋಳದ ರೊಟ್ಟಿಗಿಂತ ತುಸು ದಪ್ಪ, ಝುಣಕಾದಲ್ಲಿ ಖಾರ ಕಡಿಮೆ. ಆದರೆ ಹತ್ತಿ ಬಂದ ಹಸಿವಿಗೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ಶನಿವಾರ, ಭಾನುವಾರ ಹತ್ತು ಗಂಟೆಯ ಮೇಲೆ ಕಾರು ತೆಗೆದುಕೊಂಡು ಹೋಗಬೇಡಿ, ಘಾಟಿನಲ್ಲಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ.

ತಿರುಗಾಟದ ವಿಷಯದಲ್ಲಿ ನಮ್ಮ ಗುರು ಮೇಲಿನ ಮನೆಯ ಕಾಕಾ. ಅಕ್ಕಲಕೋಟೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಯಾವ ಲೋಕಲ್ ಎಷ್ಟಕ್ಕೆ, ಯಾವ ಸ್ಟೇಷನ್ನಿನಲ್ಲಿ ಯಾವ ಕಡೆ ಇಳಿಯಬೇಕು ಎಲ್ಲ ಬಾಯಿಪಾಠ. ಅವರು ಹೇಳಿಕೊಟ್ಟ ಕ್ರಮವನ್ನೇ ನಾವು ಇಟ್ಟುಕೊಂಡಿದ್ದೇವೆ. ಮುಂಜಾನೆ ಮೊದಲ ಅಥವಾ ಎರಡನೆಯ ಗಾಡಿ ಹಿಡಿಯುವುದು, ಸಂಜೆ ಬೆಳಕಿರುವಾಗಲೇ ವಾಪಸ್ಸು ಹೊರಡುವುದು, ಬುತ್ತಿ ಮನೆಯಿಂದಲೇ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಕಟ್ಟಿಕೊಂಡರೆ ಎಲ್ಲಿ ಬೇಕಾದರೂ ಕೂತು ಉಣ್ಣಬಹುದು.

ಎಳೆ ಹಿಡಿದು ಹುಡುಕತೊಡಗಿದಾಗ ಮೊದಲು ಸಿಕ್ಕದ್ದು ಊರಾಚೆಯಲ್ಲ, ಜಂಗಲಿ ಮಹಾರಾಜ ರಸ್ತೆಯ ಮೇಲೆಯೇ. ಬಟ್ಟೆ ಅಂಗಡಿ, ಬಸ್ಸು, ಐಸ್‌ಕ್ರೀಮು ಗಾಡಿಗಳ ಗದ್ದಲದಿಂದ ಒಂದು ಗೇಟು ದಾಟಿ ಕೆಳಗಿಳಿದರೆ ಪಾತಾಳೇಶ್ವರ. ಕಪ್ಪು ಬಸಾಲ್ಟ್ ಬಂಡೆಯನ್ನು ನೆಲಮಟ್ಟದಿಂದ ಕೆಳಕ್ಕೆ ಕೊರೆದು ಮಾಡಿದ ಶಿವಾಲಯ, ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಎದುರಿಗೆ ದುಂಡಗಿನ ನಂದಿ ಮಂಟಪ. ಅದರ ಚಾವಣಿಯೂ ದುಂಡಗೇ, ಎಲ್ಲ ಒಂದೇ ಬಂಡೆಯಿಂದ ಬಿಡಿಸಿದ್ದು. ಒಳಗೆ ಚೌಕ ಕಂಬಗಳು ಒರಟಾಗಿಯೇ ನಿಂತಿವೆ, ಕೆಲಸ ಪೂರ್ತಿಯಾಗಿಲ್ಲ. ಆ ಅಪೂರ್ಣತೆಯಲ್ಲೇ ಕೆಲಸದ ರೀತಿ ಕಾಣುವುದು: ಬಂಡೆಯನ್ನು ಎಲ್ಲಿಯವರೆಗೆ ಬಿಡಿಸಿದರು, ಎಲ್ಲಿ ಕೈಬಿಟ್ಟರು ಎಂದು ಬೆರಳಿಟ್ಟು ತೋರಿಸಬಹುದು. ಎಲ್ಲೋರದ ಕೈಲಾಸಕ್ಕೆ ಕಾರಣನಾದ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ತಾಮ್ರಪಟಗಳಲ್ಲಿ ಪುಣೆಯ ಹೆಸರು ಆಗಲೇ ಬರುತ್ತದೆ, ಅವುಗಳಲ್ಲಿ ಒಂದರ ಕಾಲ ಕ್ರಿ.ಶ. 768. ಮಳಖೇಡ ನಮ್ಮ ಜಿಲ್ಲೆಯದು. ಮುಂದೆ ಅದೇ ವಂಶದ ರಾಜಧಾನಿಯಾದ ಊರು. ಪೇಶ್ವೆಯರ ಪುಣೆಗೆ ಸುಮಾರು ಸಾವಿರ ವರ್ಷ ಮೊದಲಿನ ಪುಣೆಯನ್ನು ನೋಡಬೇಕೆಂದವರು ಇಲ್ಲಿ ಅರ್ಧ ಗಂಟೆ ಕೂರಬೇಕು. ಟಿಕೆಟ್ಟಿಲ್ಲ, ಬೇಸಿಗೆಯಲ್ಲೂ ಒಳಗೆ ತಂಪು.

ಇನ್ನು ಕಾರ್ಲಾ. ನನ್ನನ್ನು ಕೇಳಿದರೆ ಪುಣೆಯ ಸುತ್ತ ಒಂದೇ ಒಂದು ಜಾಗಕ್ಕೆ ಹೋಗಲು ಸಮಯವಿದೆ ಎನ್ನುವ ಕನ್ನಡಿಗರು ಕಾರ್ಲಾಕ್ಕೆ ಹೋಗಬೇಕು.

ಪುಣೆಯಿಂದ ಲೋಣಾವಳ ಲೋಕಲ್ ಹತ್ತಿ ಲೋಣಾವಳಕ್ಕೆ ಒಂದು ಸ್ಟೇಷನ್ ಮೊದಲು ಮಳವಲಿಯಲ್ಲಿ ಇಳಿಯಬೇಕು. "ತಂಗೀ, ಎಲ್ಲಾರೂ ಲೋಣಾವಳಕ್ಕ ಓಡ್ತಾರ. ನೀವು ಮಳವಲಿಗಿ ಇಳೀರಿ, ಎಡಕ್ಕೊಂದು ಬಲಕ್ಕೊಂದು ಗವಿ ಅವ" ಎಂದಿದ್ದರು ಕಾಕಾ. ಸ್ಟೇಷನ್ನಿನ ಒಂದು ಬದಿಗೆ ಭಾಜಾ, ಇನ್ನೊಂದು ಬದಿಗೆ, ಹಳೆಯ ಮುಂಬೈ ಹೆದ್ದಾರಿ ದಾಟಿ, ಕಾರ್ಲಾ. ಎರಡೂ ಗುಹಾಂಗಣಗಳು ಪಶ್ಚಿಮಕ್ಕೆ ಮುಖ ಮಾಡಿವೆ. ಆದ್ದರಿಂದ ಹತ್ತಿರದ ಭಾಜಾವನ್ನು ಮುಂಜಾನೆ ತಂಪಿನಲ್ಲಿ ಮುಗಿಸಿ, ಕಾರ್ಲಾವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಲೇಸು. ಬಿಸಿಲು ಇಳಿಯುವಾಗ ಬೆಳಕು ದೊಡ್ಡ ಕಮಾನಿನ ಕಿಂಡಿಯಿಂದ ನೇರ ಒಳಗೆ ಬರುತ್ತದೆ.

ಭಾಜಾಕ್ಕೆ ನಡೆದೇ ಹೋದೆವು, ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲಿನ ಸೇತುವೆ ದಾಟಿ. ಕ್ರಿಸ್ತಪೂರ್ವ ಎರಡನೆಯ ಶತಮಾನದ 22 ಗುಹೆಗಳು. ಚೈತ್ಯದ, ಅಂದರೆ ಬೌದ್ಧರ ಪೂಜಾಮಂದಿರದ, ಮುಂಭಾಗ ಮರದ್ದಾಗಿತ್ತು, ಅದು ಎಂದೋ ಹೋಗಿದೆ, ಆದ್ದರಿಂದ ಒಳಗಿನ ಸ್ತೂಪ ಅಂಗಳದಿಂದಲೇ ಕಾಣುತ್ತದೆ. ಕಂಬಗಳು ನೆಟ್ಟಗಿಲ್ಲ, ಒಳಕ್ಕೆ ಬಾಗಿವೆ. ಮರದ ಮನೆಯಲ್ಲಿ ಚಾವಣಿಯ ಭಾರಕ್ಕೆ ಕಂಬವನ್ನು ಓರೆ ನಿಲ್ಲಿಸುತ್ತಿದ್ದರಲ್ಲ, ಆ ಪದ್ಧತಿಯನ್ನೇ ಕಲ್ಲಿನಲ್ಲೂ ಕೊರೆದಿದ್ದಾರೆ, ಕಲ್ಲಿಗೆ ಅದರ ಅಗತ್ಯವಿಲ್ಲದಿದ್ದರೂ. ಬಡಿಗರ ಕೈಯಿಂದ ಕಲ್ಲುಕುಟಿಗರ ಕೈಗೆ ವಿದ್ಯೆ ದಾಟುತ್ತಿದ್ದ ಕಾಲ ಅದು. ಭಿಕ್ಖುಗಳು ಇರುತ್ತಿದ್ದ ವಿಹಾರಗಳಲ್ಲಿ ದಕ್ಷಿಣದ ಕೊನೆಯದರ ಪಡಸಾಲೆಯಲ್ಲಿ ರಥವೇರಿದ ದೇವನೊಬ್ಬ, ಆನೆಯೇರಿದ ಇನ್ನೊಬ್ಬ ಇದ್ದಾರೆ. ಸೂರ್ಯ, ಇಂದ್ರ ಎಂದು ಅನೇಕರು ಗುರುತಿಸುತ್ತಾರೆ. ಬಹುತೇಕ ಜನ ಚೈತ್ಯದ ಮುಂದೆ ಫೋಟೋ ತೆಗೆದು ತಿರುಗಿಬಿಡುತ್ತಾರೆ, ಕೊನೆಯವರೆಗೆ ನಡೆಯುವುದಿಲ್ಲ. ನೀವು ನಡೆಯಿರಿ.

ಕಾರ್ಲಾಕ್ಕೆ ಆಟೋ ಮಾಡಿಕೊಳ್ಳಬೇಕು. ಮೆಟ್ಟಿಲು ಹತ್ತುವ ದಾರಿ ತುಂಬ ಹೂವು, ತೆಂಗಿನಕಾಯಿ, ಹಸಿರು ಬಳೆಯ ಅಂಗಡಿಗಳು, ಏಕೆಂದರೆ ಚೈತ್ಯದ ಬಾಗಿಲಿಗೇ ಒತ್ತಿ ಏಕವೀರಾ ದೇವಿಯ ಗುಡಿಯಿದೆ. ಕೊಂಕಣದ ಕೋಳಿ, ಆಗ್ರಿ ಸಮುದಾಯದವರಿಗೆ ಅವಳು ಕುಲದೇವತೆ. ಮುಂಬೈ ಕರಾವಳಿಯ ಮೀನುಗಾರರು ಡೋಲು ಬಾರಿಸುತ್ತ ಕುಟುಂಬ ಸಮೇತ ಬರುತ್ತಾರೆ. ಅವ್ವ ಮೊದಲು ಅಲ್ಲಿ ಉಡಿ ತುಂಬಿ, ಆಮೇಲೆ ಗುಹೆಗೆ ಬಂದಳು. ಭಾನುವಾರ, ನವರಾತ್ರಿ, ಚೈತ್ರದ ಜಾತ್ರೆಯ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವಿನ ರಜೆ ಸಿಕ್ಕರೆ ಅದನ್ನು ಕಾರ್ಲಾಕ್ಕೆ ಮೀಸಲಿಡಿ. ಪುರಾತತ್ವ ಇಲಾಖೆಯ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು, ಸಂಜೆ ಐದರ ಸುಮಾರಿಗೆ ಮುಚ್ಚುತ್ತಾರೆ.

ಭಾರತದ ಕಲ್ಲಿನಲ್ಲಿ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು ಇದು. ಎತ್ತರ ಸುಮಾರು 14 ಮೀಟರ್. ಎರಡೂ ಬದಿಗೆ ಹದಿನೈದು ಹದಿನೈದು ಕಂಬ, ಸ್ತೂಪದ ಹಿಂದೆ ಸಾದಾ ಕಂಬ ಏಳು. ಕಂಬದ ತುದಿಯಲ್ಲಿ ಮಂಡಿಯೂರಿದ ಆನೆಗಳ ಮೇಲೆ ಗಂಡು ಹೆಣ್ಣಿನ ಜೋಡಿಗಳು. ಮೇಲೆ ನೋಡಿದರೆ ತೇಗದ ಮರದ ಕಮಾನುಗಳು. ಅವು ಆಮೇಲೆ ಹಾಕಿದ್ದಲ್ಲ, ಸುಮಾರು ಎರಡು ಸಾವಿರ ವರ್ಷದ ಹಿಂದೆ ಹಾಕಿದ ಮರವೇ. ಸ್ತೂಪದ ಮೇಲಿನ ಕೊಡೆಯೂ ಮರದ್ದೇ. ನಮ್ಮವರು ಆ ಕಮಾನುಗಳ ಕೆಳಗೆ ತಲೆಯೆತ್ತಿ ನಿಂತವರು ಕತ್ತು ನೋಯುವವರೆಗೆ ಇಳಿಸಲಿಲ್ಲ.

ನಾನು ಬಂದದ್ದು ಮಾತ್ರ ಹೊರಗಿನ ಪಡಸಾಲೆಯ ಎಡತುದಿಗಾಗಿ. ಅಲ್ಲಿ ಗೋಡೆಯಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಒಂದು ಸಾಲು ಇದೆ. ವೈಜಯಂತಿಯ ಸೆಟ್ಟಿ ಭೂತಪಾಲ ಎಂಬವನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲುಮನೆಯನ್ನು ಪೂರೈಸಿದ ಎಂಬುದು ಅದರ ಅರ್ಥ. ವೈಜಯಂತಿ ಎಂದರೆ ಬನವಾಸಿ, ಶಿರಸಿ ತಾಲೂಕಿನ ನಮ್ಮ ಬನವಾಸಿ ಎಂದೇ ವಿದ್ವಾಂಸರು ಗುರುತಿಸುತ್ತಾರೆ. ಕದಂಬರಿಗಿಂತ ಮೊದಲಿನ ಬನವಾಸಿ ಅದು. ಅಲ್ಲಿಯ ಒಬ್ಬ ವರ್ತಕ ಸಹ್ಯಾದ್ರಿಯ ಇಷ್ಟು ಉತ್ತರಕ್ಕೆ ಬಂದು, ದೇಶದಲ್ಲೇ ದೊಡ್ಡದಾದ ಚೈತ್ಯದ ಕೆಲಸ ಮುಗಿಸಿ, ಇದಕ್ಕಿಂತ ಮಿಗಿಲಾದದ್ದು ಇಲ್ಲ ಎಂದು ಎದೆತಟ್ಟಿ ಬರೆಸಿದ್ದಾನೆ. ಅವನು ಹೇಳಿದ್ದು ಸುಳ್ಳಲ್ಲ ಎಂಬುದು ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಒಳಗಿನ ಕಂಬಗಳ ಮೇಲೆ ಇನ್ನಷ್ಟು ದಾನಿಗಳ ಹೆಸರಿವೆ, ಧೇನುಕಾಕಟ ಎಂಬ ಊರಿನ ಯವನರು, ಅಂದರೆ ಗ್ರೀಕ್ ಮೂಲದವರೆನ್ನುವವರು, ಕೂಡ ಕಂಬ ಕೊಟ್ಟಿದ್ದಾರೆ. ಕಲ್ಯಾಣ, ಸೋಪಾರದ ಬಂದರುಗಳಿಂದ ಘಾಟು ಹತ್ತಿ ಒಳನಾಡಿಗೆ ಬರುವ ವ್ಯಾಪಾರದ ದಾರಿ ಈ ಕಣಿವೆಯದು. ಭಿಕ್ಖುಗಳ ವಿಹಾರಗಳು ಸಾಲಾಗಿ ಇಲ್ಲೇ ಯಾಕಿವೆ ಎಂಬುದಕ್ಕೆ ಆ ದಾರಿಯೇ ಕಾರಣ. ಇಂದಿಗೂ ರೈಲು, ಹೆದ್ದಾರಿ, ಎಕ್ಸ್‌ಪ್ರೆಸ್ ಹೆದ್ದಾರಿ ಮೂರೂ ಅದೇ ಕಣಿವೆಯಲ್ಲೇ ಸಾಗುತ್ತವೆ.

ಆ ಶಾಸನದ ಬಳಿ ಕನ್ನಡದಲ್ಲೋ ಮರಾಠಿಯಲ್ಲೋ ಒಂದು ಫಲಕ ಇದ್ದರೆ ಎಷ್ಟು ಜನ ನಿಂತು ಓದುತ್ತಿದ್ದರು ಅನ್ನಿಸಿತು. ಮಗನಿಗೆ ನಾನೇ ಹೇಳಿದೆ. ಅವನು ಇಡೀ ಶಾಲೆಗೆ ಹೇಳಿದ್ದಾನೆಂದು ಆಮೇಲೆ ತಿಳಿಯಿತು. ಹೋಗುವ ಮುಂಚೆ ಭೂತಪಾಲನ ಹೆಸರನ್ನು ತಲೆಯಲ್ಲಿಟ್ಟುಕೊಂಡು ಹೋಗಿ. ಹಿಂತಿರುಗುವಾಗ ಒಂದು ವಿಷಯ ನೋಡಿಕೊಳ್ಳಬೇಕು: ಮಧ್ಯಾಹ್ನದ ಹೊತ್ತು ಲೋಕಲ್‌ಗಳು ವಿರಳ, ಗಾಡಿಗೂ ಗಾಡಿಗೂ ನಡುವೆ ಬಹಳ ಹೊತ್ತು ಕಾಯಬೇಕು. ಸಂಜೆಯ ಗಾಡಿಯ ಸಮಯ ಮುಂಜಾನೆಯೇ ತಿಳಿದುಕೊಂಡಿರಬೇಕು.

ಮಳೆಗಾಲದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಜೂನ್ ಬಂತೆಂದರೆ ಪುಣೆ ಪುಣೆಯೆಲ್ಲ ಲೋಣಾವಳದ ಕಡೆ ಹೊರಡುತ್ತದೆ. 2024ರ ಜೂನ್ 30ರಂದು ಭುಶಿ ಅಣೆಯ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀರಿನ ನಡುವೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದ ಆ ವಿಡಿಯೋವನ್ನು ನಾಡೆಲ್ಲ ನೋಡಿತು. ಮರುವರ್ಷ ಜೂನ್ 15ರಂದು ತಳೇಗಾಂವ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ ಜನ ತುಂಬಿದ್ದಾಗಲೇ ಕುಸಿಯಿತು. ಇಂಥ ದಿನಗಳಲ್ಲಿ ಬೆಟ್ಟದ ಮೇಲೆ ಎಲ್ಲೋ ಬಿದ್ದ ಮಳೆ ಕ್ಷಣದಲ್ಲಿ ಕೆಳಗೆ ಬರುತ್ತದೆ. ನದಿ ದಂಡೆಯಲ್ಲಿ ಬೆಳೆದವಳಾಗಿ ಹೇಳುತ್ತೇನೆ, ಮೊಣಕಾಲುದ್ದ ನೀರು ಸೊಂಟಕ್ಕೆ ಬರಲು ಹೊತ್ತು ಬೇಕಿಲ್ಲ. ಮಳೆ ನೋಡುವ ಆಸೆಯಿದ್ದರೆ ದೂರದಿಂದ ನೋಡಿ, ವಾರದ ದಿನ ಹೋಗಿ, ಹರಿಯುವ ನೀರಿಗೆ ಮಕ್ಕಳನ್ನು ಇಳಿಸಬೇಡಿ.

ಜೇಜುರಿಗೆ ಹೋಗೋಣವೆಂದು ಹಟ ಹಿಡಿದವಳು ಅವ್ವ. ನಮ್ಮ ಮನೆದೇವರು ಮೈಲಾರಲಿಂಗ. ಯಾದಗಿರಿಯ ಹತ್ತಿರದ ಮೈಲಾಪುರಕ್ಕೆ ನಡೆದುಕೊಳ್ಳುವ ಮನೆತನ ನಮ್ಮದು. ಅಲ್ಲಿ ಮೈಲಾರಲಿಂಗನಾದರೆ ಇಲ್ಲಿ ಖಂಡೋಬ. ಅಲ್ಲಿಯೂ ಕೊಂದದ್ದು ಮಣಿ ಮಲ್ಲರೆಂಬ ರಾಕ್ಷಸರನ್ನೇ, ಇಲ್ಲಿಯೂ ಅವರನ್ನೇ. ಅಲ್ಲಿಯೂ ಎರಚುವುದು ಭಂಡಾರದ ಅರಿಸಿನ ಪುಡಿ, ಇಲ್ಲಿಯೂ ಭಂಡಾರ. ಪುಣೆಯಿಂದ ಸುಮಾರು 50 ಕಿಲೋಮೀಟರು, ದಿವೇ ಘಾಟು ಹತ್ತಿ ಸಾಸವಡದ ಮೇಲೆ ಹೋಗಬೇಕು. ರೈಲಿನಲ್ಲಾದರೆ ಸಾತಾರಾ ಮಾರ್ಗದಲ್ಲಿ ಜೇಜುರಿ ಸ್ಟೇಷನ್ನೇ ಇದೆ.

ಬೆಟ್ಟದ ಕೆಳಗಿನಿಂದಲೇ ಎಲ್ಲ ಹಳದಿ. ಮೆಟ್ಟಿಲು ಹಳದಿ, ದೀಪಮಾಲೆಯ ಕಂಬಗಳು ಹಳದಿ, ಇಳಿದು ಬರುವವರ ಹಣೆ, ಕೂದಲು, ಹೆಗಲ ಮೇಲಿನ ಕೂಸು ಕೂಡ ಹಳದಿ. ಅವ್ವನಿಗೆ ಮೊಣಕಾಲು ನೋವು. ಎರಡೆರಡು ಮೆಟ್ಟಿಲಿಗೆ ನಿಲ್ಲುತ್ತ, ಪಕ್ಕದ ಕಮಾನುಗಳ ನೆರಳಿನಲ್ಲಿ ಕೂರುತ್ತ ಹತ್ತಿದಳು. ಮೆಟ್ಟಿಲು ಅಗಲವಾಗಿವೆ, ಅವಸರ ಮಾಡದಿದ್ದರೆ ವಯಸ್ಸಾದವರೂ ಹತ್ತಬಹುದು. ಮೇಲೆ ಕೋಟೆಯಂಥ ಪ್ರಾಕಾರ, ನಡುವೆ ಗುಡಿ, ಗುಡಿಯ ಮುಂದೆ ಹಿತ್ತಾಳೆಯ ತಗಡು ಹೊದಿಸಿದ ಭಾರೀ ಆಮೆ. ಆ ಆಮೆಯ ಮೇಲೆ ನಿಂತು ಜನ ಭಂಡಾರ ತೂರುತ್ತಿದ್ದರು. ಸುತ್ತಲಿನವರು "ಯೇಳಕೋಟ ಯೇಳಕೋಟ ಜಯ ಮಲ್ಹಾರ" ಎಂದು ಕೂಗಿದಾಗ ಅವ್ವ ತನ್ನ ದನಿಯಲ್ಲಿ "ಏಳುಕೋಟಿ ಏಳುಕೋಟಿಗೋ" ಎಂದು ಕೂಗಿದಳು. ಪಕ್ಕದಲ್ಲಿದ್ದ ಧನಗರ ಹೆಂಗಸೊಬ್ಬಳು ತಿರುಗಿ ನೋಡಿ, ಅವ್ವನ ಹಣೆಗೆ ತನ್ನ ಕೈಯ ಭಂಡಾರ ಹಚ್ಚಿದಳು. ಅವಳಿಗೆ ಕನ್ನಡ ಬಾರದು, ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೇ. ಇಬ್ಬರೂ ಗೋಡೆಗೊರಗಿ ಕೂತು ಕುರಿ, ಮಳೆ, ಮೊಮ್ಮಕ್ಕಳ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಖಂಡೋಬನಿಗೆ ಇಲ್ಲಿ ಇಬ್ಬರು ಹೆಂಡಂದಿರು, ವ್ಯಾಪಾರಿ ವಾಣಿ ಜನರ ಮನೆಯ ಮ್ಹಾಳಸಾ, ಕುರುಬರ ಮನೆಯ ಬಾಣಾಯಿ. ಅಂಗಳದಲ್ಲಿ ಖಂಡೋಬನ ಸೇವೆಗೆ ನಿಂತ ವಾಘ್ಯಾ ಮುರಳಿಯರು ಹಾಡುತ್ತಿದ್ದರು. ನಮ್ಮ ಗೊರವಯ್ಯಗಳ ಕರಿಯ ಕಂಬಳಿ ಅಂಗಿ, ಕರಡಿ ಚರ್ಮದ ಟೋಪಿ, ಡಮರುಗ ಅವರಲ್ಲಿಲ್ಲ. ಹಾಡಿನ ಕತೆ ಮಾತ್ರ ಬಹಳ ಮಟ್ಟಿಗೆ ಒಂದೇ. ಈ ದೇವರ ಸುತ್ತ ಮಂಗಸೂಳಿ, ಮೈಲಾರ, ದೇವರಗುಡ್ಡ, ಬೀದರಿನ ಆದಿಮೈಲಾರ, ಜೇಜುರಿ ಎಲ್ಲವನ್ನೂ ಒಂದೇ ನಕಾಶೆಯಲ್ಲಿಟ್ಟು ನೋಡಿದರೆ ಕುರಿಗಾಹಿಗಳ ದಾರಿಗಳು ಕಾಣುತ್ತವೆ, ರಾಜ್ಯದ ಗಡಿ ಅಲ್ಲಿ ಲೆಕ್ಕಕ್ಕಿಲ್ಲ. ಕಾಲಿನಲ್ಲಿ ಶಕ್ತಿಯಿದ್ದವರು ಇನ್ನೂ ಎತ್ತರದ ಕಡೇಪಠಾರಕ್ಕೂ ಹತ್ತಬಹುದು. ಹಳೆಯ ಸ್ಥಾನ ಅದೇ. ಸೋಮವತಿ ಅಮಾವಾಸ್ಯೆಯಂದು ಲಕ್ಷಗಟ್ಟಲೆ ಜನ ಸೇರುತ್ತಾರೆ, ದೇವರನ್ನು ಪಾಲಖಿಯಲ್ಲಿ ಕರ್ಹಾ ನದಿಗೆ ಸ್ನಾನಕ್ಕೆ ಒಯ್ಯುತ್ತಾರೆ. ಅದನ್ನು ನೋಡಬೇಕೆಂದೇ ಹೋಗುವವರ ಮಾತು ಬೇರೆ, ಉಳಿದವರು ಆ ದಿನ ಬಿಟ್ಟು ಹೋಗಬೇಕು. ಬಿಳಿ ಬಟ್ಟೆ ಉಟ್ಟು ಹೋಗಬೇಡಿ.

ಆಳಂದಿಗೆ ಹೋಗಿ ಜ್ಞಾನೇಶ್ವರರ ಸಮಾಧಿ ನೋಡಿದೆವು, ಅವರು ಸಮಾಧಿಯಾದದ್ದು 1296ರಲ್ಲಿ. ಇಂದ್ರಾಯಣಿಯ ಘಾಟಿನಲ್ಲಿ ಕೂತರೆ ಮನಸ್ಸು ತಣಿಯಬೇಕು. ಆದರೆ ನದಿಯಲ್ಲಿ ಬಿಳಿಯ ನೊರೆ ತೇಲುತ್ತಿತ್ತು, ಮೇಲಿನ ಊರುಗಳ ಕೊಳಚೆ ಅದು. ಅದೇ ನೀರನ್ನು ಬೊಗಸೆಯಲ್ಲೆತ್ತಿ ತಲೆಗೆ ಹಾಕಿಕೊಳ್ಳುವ ವಾರಕರಿಗಳನ್ನು, ಪಂಢರಪುರದ ವಿಠಲನ ಭಕ್ತರನ್ನು, ನೋಡಿ ಸಂಕಟವಾಯಿತು. ಈ ಇಂದ್ರಾಯಣಿ ಭೀಮೆಯನ್ನು ಸೇರುವುದು ತುಳಾಪುರದಲ್ಲಿ. 1689ರಲ್ಲಿ ಔರಂಗಜೇಬ ಸಂಭಾಜಿ ಮಹಾರಾಜರನ್ನು ಕೊಲ್ಲಿಸಿದ ಊರು. ಸಂಗಮೇಶ್ವರನ ಗುಡಿ, ಮರಗಳ ನೆರಳು, ಕೆಳಗೆ ಎರಡು ನದಿ. ಪುಣೆಯಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದು. ಭೀಮೆಯನ್ನು ಭೀಮೆಯೆಂಬ ಹೆಸರಿನಲ್ಲೇ ಪುಣೆಗೆ ಇಷ್ಟು ಹತ್ತಿರ ನೋಡಿದ್ದು ನಾವು ಅಲ್ಲಿಯೇ.

ಚಳಿಗಾಲ ಬಂದಾಗ ಭಿಗವಣಕ್ಕೆ ಹೊರಟೆವು. ಪುಣೆ ಸೋಲಾಪುರ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರು, ಉಜನಿ ಅಣೆಯ ಹಿನ್ನೀರು. ಇಲ್ಲಿಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಬರುತ್ತವೆ. ಬೆಳಗಾಗುವ ಮುಂಚೆ ದಂಡೆಯಲ್ಲಿರಬೇಕು, ಆದ್ದರಿಂದ ರಾತ್ರಿ ನಾಲ್ಕಕ್ಕೇ ಮನೆ ಬಿಟ್ಟೆವು. ಕುಂಭಾರಗಾಂವದಲ್ಲಿ ಮೀನುಗಾರರೇ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಹಕ್ಕಿಗಳ ಹೆಸರು ಅವರಿಗೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಗೊತ್ತು, ಎಷ್ಟು ಹತ್ತಿರ ಹೋದರೆ ಹಕ್ಕಿ ಏಳುತ್ತದೆಂದೂ ಗೊತ್ತು. ಆ ಅಂತರ ಬಂದ ಕೂಡಲೇ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಾರೆ. ಇನ್ನೂ ಹತ್ತಿರ ಒಯ್ಯಿರೆಂದು ಅವರನ್ನು ಒತ್ತಾಯಿಸಬಾರದು. ಬಣ್ಣದ ಕೊಕ್ಕರೆ, ಪಟ್ಟೆತಲೆ ಹೆಬ್ಬಾತು, ಎಷ್ಟೋ ಬಗೆಯ ಬಾತುಗಳು. ರಾಜಹಂಸಗಳು ತಿಳಿನೀರಿನಲ್ಲಿ ಕೊಕ್ಕು ತಲೆಕೆಳಗಾಗಿ ಇಟ್ಟು ಮೇಯುತ್ತವೆ. ಹಾರಿದಾಗ ರೆಕ್ಕೆಯ ಒಳಗಿನ ಕೆಂಪು ಒಮ್ಮೆಲೇ ಕಾಣುತ್ತದೆ. ಆಮೇಲೆ ದೋಣಿಯವರ ಮನೆಯಲ್ಲೇ ಊಟ, ಮೀನು ತಿನ್ನುವವರಿಗೆ ಅಲ್ಲಿಯ ಥಾಳಿ ಬಹಳ ರುಚಿ.

ಉಜನಿ ಅಣೆ ಪೂರ್ಣವಾದದ್ದು 1980ರಲ್ಲಿ. ಅದರಲ್ಲಿ ಹಿಡಿಯುವ ನೀರು ಸುಮಾರು 117 ಟಿಎಂಸಿ. ಅದರಡಿ ಹಳ್ಳಿಗಳು ಹೋಗಿವೆ. ನೀರು ತೀರಾ ಇಳಿದ ವರ್ಷ ಪಳಸದೇವದ ಹಳೆಯ ಗುಡಿ ಮೇಲೆದ್ದು ಕಾಣುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಭೀಮೆ ಬತ್ತಿದಾಗ ಉಜನಿಯಿಂದ ನೀರು ಬಿಡಿಸಿರೆಂದು ನಮ್ಮ ರೈತರು ಕೇಳುತ್ತಲೇ ಇರುತ್ತಾರೆ. ನಾನು ಅದನ್ನು ದೋಣಿಯವನಿಗೆ ಹೇಳಿದಾಗ ಅವನು ತನ್ನ ಅಜ್ಜನ ಹೊಲ ಈ ನೀರಿನ ಕೆಳಗೆ ಇದೆ ಎಂದು ಕೈ ತೋರಿಸಿದ. ಒಂದೇ ಅಣೆಯ ಮೇಲಿನವರ ಮಾತು ಬೇರೆ, ಕೆಳಗಿನವರ ಮಾತು ಬೇರೆ. ನಾನು ಇಷ್ಟು ವರ್ಷ ಕೆಳಗಿನ ಮಾತನ್ನಷ್ಟೇ ಕೇಳಿದ್ದೆ.

ಕೊನೆಗೆ ಭೀಮಾಶಂಕರ. ಪುಣೆಯಿಂದ 110 ಕಿಲೋಮೀಟರಿನ ಆಸುಪಾಸು, ರಾಜಗುರುನಗರ, ಮಂಚರ, ಘೋಡೇಗಾಂವ ದಾಟಿ ಸಹ್ಯಾದ್ರಿಯ ಅಂಚಿಗೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು. ಸುತ್ತಲಿನ ಕಾಡು ಅಭಯಾರಣ್ಯ, ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು, ನಮ್ಮ ಮಲೆನಾಡಿನವರು ಕೆಂದಳಿಲು ಎನ್ನುವುದು, ಮರದಿಂದ ಮರಕ್ಕೆ ಹಾರುವುದನ್ನು ಮಗ ನೋಡಿದ, ನಾವು ತಿರುಗುವಷ್ಟರಲ್ಲಿ ಅದು ಮಾಯ. ಇಲ್ಲಿ ಗುಡಿ ಬೆಟ್ಟದ ಮೇಲಿಲ್ಲ, ಮೆಟ್ಟಿಲಿಳಿದು ಹೋಗಬೇಕು. ವಾಪಸ್ಸು ಬರುವಾಗಲೇ ಹತ್ತುವ ಕಷ್ಟ, ಮೊಣಕಾಲು ನೋವಿನವರು ಅದಕ್ಕೆ ಶಕ್ತಿ ಉಳಿಸಿಕೊಂಡಿರಬೇಕು. ಅಂಗಳದಲ್ಲಿ ದೊಡ್ಡದೊಂದು ಗಂಟೆಯಿದೆ. 1739ರಲ್ಲಿ ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಯಿ ಕೋಟೆ ಗೆದ್ದಾಗ ತಂದ ಗಂಟೆಗಳಲ್ಲಿ ಒಂದು ಅದು.

ಭೀಮೆ ಹುಟ್ಟುವುದು ಇಲ್ಲಿ. ಗುಡಿಯ ಹತ್ತಿರ ಒಂದು ಕುಂಡ, ಕಾಡೊಳಗೆ ನಡೆದರೆ ಗುಪ್ತ ಭೀಮಾಶಂಕರ ಎನ್ನುವ ಜಾಗ, ಅಲ್ಲಿ ತೊರೆಯ ನಡುವೆ ಲಿಂಗ. ಅವ್ವ ಅಲ್ಲಿಯವರೆಗೆ ನಡೆಯಲಾರದೆ ಕುಂಡದ ಬಳಿಯೇ ಕೂತಳು. ಇಲ್ಲಿಂದ 861 ಕಿಲೋಮೀಟರು ಹರಿದು ಭೀಮೆ ರಾಯಚೂರು ಕಡೆ ಕೃಷ್ಣೆಯನ್ನು ಕೂಡುತ್ತದೆ. ದಾರಿಯಲ್ಲಿ ಪಂಢರಪುರ, ಗಾಣಗಾಪುರ, ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಸನ್ನತಿ. ಊರಿಗೆ ಫೋನು ಮಾಡಿ ಅವ್ವ ನಮ್ಮ ಮಾವನಿಗೆ ಹೇಳಿದ್ದು ಇಷ್ಟು: "ಅಣ್ಣಾ, ಹೊಳಿ ಹುಟ್ಟೂ ಜಾಗಾಕ್ಕ ಬಂದೀನಿ. ಇಲ್ಲಿ ಜಿಗದ್ರ ದಾಟತಾರ, ಅಷ್ಟೇ ಅದ." ಮಾವ ಬಸವ ಜಯಂತಿ ಮುಗಿಸಿಕೊಂಡು ಬರುತ್ತೇನೆ, ನನಗೂ ತೋರಿಸಿರಿ ಎಂದರು. ಮಹಾಶಿವರಾತ್ರಿ, ಶ್ರಾವಣ ಸೋಮವಾರಗಳಲ್ಲಿ ಇಲ್ಲಿ ದರ್ಶನಕ್ಕೆ ಇಡೀ ದಿನ ಹೋಗುತ್ತದೆ, ಕಾಡು ನೋಡಲು ಹೊತ್ತು ಸಿಗುವುದಿಲ್ಲ. ಎಸ್‌ಟಿ ಬಸ್ಸಿನಲ್ಲಿ ಹೋಗುವವರು ಕೊನೆಯ ಬಸ್ಸಿನ ಸಮಯ ಇಳಿದ ಕೂಡಲೇ ಕಂಡಕ್ಟರನ್ನೇ ಕೇಳಿಟ್ಟುಕೊಳ್ಳಬೇಕು.

ಜುನ್ನರ್ ಕಡೆ ಇನ್ನೂ ಬಾಕಿಯಿದೆ. ಶಿವಾಜಿ ಮಹಾರಾಜರು 1630ರಲ್ಲಿ ಹುಟ್ಟಿದ ಶಿವನೇರಿ ಅಲ್ಲಿದೆ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಅದೂ ಒಂದು. ಲೇಣ್ಯಾದ್ರಿಯ ಗುಹೆಯಲ್ಲಿ ಅಷ್ಟವಿನಾಯಕರಲ್ಲೊಬ್ಬ ಇದ್ದಾನೆ, ಹತ್ತಲಾರದವರಿಗೆ ಡೋಲಿ ಸಿಗುತ್ತದೆ. ಎಲ್ಲಕ್ಕಿಂತ ನನಗೆ ನೋಡಬೇಕಿರುವುದು ನಾಣೇಘಾಟ್. ಸಾತವಾಹನರ ರಾಣಿ ನಾಗನಿಕಾ ಬರೆಸಿದ ಶಾಸನ, ಅದರೊಳಗಿನ ಹಳೆಯ ಅಂಕಿಗಳು, ಸುಂಕದ ಹಣ ಹಾಕುತ್ತಿದ್ದರೆಂದು ಹೇಳುವ ಕಲ್ಲಿನ ಹಂಡೆ. ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದೆಂದು ಪ್ರವಾಸದ ಗಾಡಿಯವರು ಹೇಳುತ್ತಾರೆ. ಕಾಕಾ ಅದಕ್ಕೆ ಒಪ್ಪಲಿಲ್ಲ. "ಜುನ್ನರದಾಗ ಒಂದ ರಾತ್ರಿ ಇರೂಣು, ನಾನೂ ಬರ್ತೀನಿ" ಎಂದಿದ್ದಾರೆ. ಮಳೆ ನಿಂತು, ದೀಪಾವಳಿ ಕಳೆದ ಮೇಲೆ, ವಾರದ ನಡುವೆ ಎರಡು ದಿನ ರಜೆ ಹಾಕಿ ಹೊರಡುತ್ತೇವೆ.